ಹೊಸ್ತಿಲ ಹೊರಗಿನ ಅಂಗಿ

ಹಂಪಣ್ಣನ ಹಣೆಗೆ ವಿಭೂತಿ ಬಳಿದು, ಗೋಡೆಗೆ ಆನಿಸಿ ಕೂರಿಸುವಷ್ಟರಲ್ಲಿ ಅಂಗಳದಲ್ಲಿ ಬೈಕು ನಿಂತಿತು. ಇಳಿದವನು ಸೈದಾಪುರದ ಹತ್ತಿರದ ಇಂಧನ ಕಾರ್ಖಾನೆಯ ಎಂಜಿನಿಯರ್ ಶರಣಕುಮಾರ. ಹಾರ ಹಾಕಿ ಕೈಮುಗಿದ. ಆಮೇಲೂ ನಿಂತೇ ಇದ್ದ.

"ಕೂಡ್ರಿ ಸಾಹೇಬ್ರ, ಮಣ್ಣಿಗಿ ಇನ್ನಾ ಎರಡು ತಾಸು ಅದ," ಎಂದಳು ಸತ್ತವನ ಅಕ್ಕ ದೇವಕ್ಕ.

"ಅಮೃತಮ್ಮ ಕಾಕಿಗಿ ಒಂದು ಮಾತು ಕೇಳಾದಿತ್ರಿ." ಅವನು ಚೀಲದಿಂದ ಸಣ್ಣ ಶೀಸೆ ತೆಗೆದ. "ಇದು ಟ್ಯಾಂಕಿನಾಗಿಂದು, ಹೊರಗ ತರೋಹಂಗಿಲ್ಲ, ಆದ್ರೂ ತಂದೀನಿ. ದೊಡ್ಡ ಟ್ಯಾಂಕು ರಾತ್ರಿಯಿಂದ ಸುಮ್ಮನಾಗ್ಯದ. ಅದರಾಗಿನ ಬ್ಯಾಕ್ಟೀರಿಯಾ ಕೆಟ್ಟಾವೋ, ಹಸದಾವೋ ತಿಳೀವಲ್ದು. ಲ್ಯಾಬ್ ವರದಿ ಬರೋದು ನಾಳಿಗಿ. ದೊಡ್ಡ ಸಾಹೇಬ್ರು ಹನ್ನೆರಡಕ್ಕ ಎಲ್ಲಾ ಕುದಿಸಿ ಚೆಲ್ಲಂತಾರ. ಕಾಕಾ ಇದ್ರ ಮೂಸಿ ಹೇಳ್ತಿದ್ರು."

"ಅವನ್ನೇ ಕೇಳಪಾ," ಎಂದಳು ದೇವಕ್ಕ. "ಅಲ್ಲೇ ಕುಂತಾನ."

ಗಂಡನ ಪಕ್ಕದಲ್ಲಿದ್ದ ಅಮೃತಮ್ಮ ತಲೆ ಎತ್ತಿದಳು. "ಹೆಪ್ಪು ಹಾಕಿದವರು ಯಾರು?"

"ಕಾಕಾನೇ. ಹತ್ತು ದಿನ ಆಯ್ತು."

"ಹಂಗಾದ್ರ ಇವರು ಮಣ್ಣಾಗೋಕಿಂತ ಮೊದಲು ಅದನ್ನ ಗಟಾರಕ್ಕ ಬಿಡ್ತೀರಿ."

ಶರಣಕುಮಾರ ಶೀಸೆಯನ್ನು ಅವಳ ಮುಂದೆ ಹಿಡಿದ.

*

ಶಹಾಪುರದ ಕಡೆಯಿಂದ ಬರುವ ಭತ್ತದ ಹುಲ್ಲನ್ನು ಕಾರ್ಖಾನೆಯಲ್ಲಿ ಅರೆದು ಸಿಹಿ ರಸ ಮಾಡುತ್ತಿದ್ದರು. ಆ ರಸ ತಿಂದು, ಗಾಡಿ ಓಡಿಸುವ ಸ್ಪಿರಿಟ್ ಬಿಡುವಂತೆ ಗುಣ ಬದಲಿಸಿದ ಬ್ಯಾಕ್ಟೀರಿಯಾಗಳು ಟ್ಯಾಂಕಿನಲ್ಲಿದ್ದವು. ಅವಕ್ಕೆ ಹೊತ್ತಿಗೆ ಸರಿಯಾಗಿ ರಸ ಬಿಡುವುದು ಹಂಪಣ್ಣನ ಕೆಲಸ.

"ಕಣ್ಣಿಗಿ ಕಾಣದಂಥ ಎಮ್ಮಿ ಕಟ್ಟೀನಿ," ಎನ್ನುತ್ತಿದ್ದ.

"ಹಾಲು ಅವರಿಗಿ, ನಾತ ನನಗ," ಎನ್ನುತ್ತಿದ್ದಳು ಅಮೃತಮ್ಮ.

ಏಳು ವರ್ಷದಲ್ಲಿ ಆ ಕೆಲಸದ ಅಂಗಿ ಒಮ್ಮೆಯೂ ಹೊಸ್ತಿಲು ದಾಟಿರಲಿಲ್ಲ. ಬಾಗಿಲ ಹೊರಗಿನ ಮೊಳೆಗೆ ತೂಗುಹಾಕಿಯೇ ಅವನು ಒಳಗೆ ಬರಬೇಕು. ಬೆಳಿಗ್ಗೆ ಅದನ್ನು ಒಗೆಯುವವಳು ಅವಳು.

*

ಅಮೃತಮ್ಮ ಮುಚ್ಚಳ ತೆಗೆದು ಮೂಸಿದಳು. ಸ್ವಲ್ಪ ತಡೆದು ಇನ್ನೊಮ್ಮೆ ಮೂಸಿದಳು.

"ಹಸದಾವ."

"ಹೆಂಗ ಹೇಳ್ತೀರಿ ಕಾಕಿ?"

"ಅವು ಕೆಟ್ಟ ದಿನ ಅಂಗಿ ಹುಳಿ ನಾರ್ತಿತ್ತು. ಅವತ್ತು ಅವರು ಉಣ್ತಿದ್ದಿಲ್ಲ. ನೆನಿಹಾಕಿದ ಜ್ವಾಳದಂಗ ನಾರಿದ ದಿನ, 'ಮೇವು ತಡಾ ಆಗಿತ್ತು, ಹಾಕಿ ಬಂದೆ' ಅಂತಂದು ಎರಡು ರೊಟ್ಟಿ ಜಾಸ್ತಿ ತಿಂತಿದ್ರು. ಇದು ಜ್ವಾಳದ ವಾಸನಿ."

ಅವನು ಅಂಗಳಕ್ಕೆ ಹೋಗಿ ಫೋನು ಹಚ್ಚಿದ. "ಚೆಲ್ಲಬ್ಯಾಡ್ರಿ, ರಸ ಬಿಡ್ರಿ... ಹೌದ್ರಿ, ಮೂಸಿ ನೋಡ್ಯಾರ... ಯಾರಂದ್ರ, ಹಂಪಣ್ಣನ ಮನ್ಯಾಗಿನವರು."

ಹೊಲದಲ್ಲಿ ಎಲ್ಲರೂ ಹಿಡಿಮಣ್ಣು ಹಾಕಿ ಮುಗಿಸುವಾಗ ಶರಣಕುಮಾರನ ಫೋನು ರಿಂಗಣಿಸಿತು. ಅಮೃತಮ್ಮನ ಬಳಿ ಬಂದು ಮೆಲ್ಲಗೆ ಹೇಳಿದ: "ಟ್ಯಾಂಕಿನಾಗ ಗುಳ್ಳಿ ಏಳಾಕತ್ತಾವಂತ್ರಿ ಕಾಕಿ."

ಅವಳು ಕೈಯ ಮಣ್ಣು ಕೊಡವಿಕೊಂಡಳು.

ಮನೆಗೆ ಬಂದು ಎಲ್ಲರೂ ಸ್ನಾನ ಮಾಡಿದರು. ದೇವಕ್ಕ ತಮ್ಮನ ಬಟ್ಟೆಗಳನ್ನೆಲ್ಲ ಒಗೆಯಲು ಬುಟ್ಟಿಗೆ ತುಂಬುತ್ತ ಬಾಗಿಲಿಗೆ ಬಂದಳು. ಹೊರಗಿನ ಮೊಳೆ ಖಾಲಿ ಇತ್ತು. ಕೆಲಸದ ಅಂಗಿ ಮನೆಯೊಳಗೆ, ಅಮೃತಮ್ಮ ಮಲಗುವ ಜಾಗದ ಮೇಲಿನ ಗೂಟದಲ್ಲಿ, ಒಗೆಯದೆ ತೂಗುತ್ತಿತ್ತು.