ಓತಿಕ್ಯಾತದ ಮಾತು

ಡೇರಿಗೆ ಹಾಲು ಹಾಕಿ ಬಂದವನೇ ಹೆಂಡತಿ ಶ್ಯಾಮಲಳನ್ನು ಕೊಟ್ಟಿಗೆಗೆ ಕರೆದೆ. "ಗಂಡಿನೋರು ಓಗೋಗಂಟ ನೀನು ಮಾತಾಡ್ಬೇಡ. ಬಾಯಿ ಬಿಟ್ರೆ ತಮಿಳೋಳು ಅಂತ ಗೊತ್ತಾಗ್ತದೆ."

ಅವಳು ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಯ ತಮಿಳು ಕಾರ್ಮಿಕರ ಮಗಳು. ನಾವು ಇಷ್ಟಪಟ್ಟು ಮದುವೆಯಾದವರು. ಆಗ ಇಲ್ಲದ ಹೆದರಿಕೆ ಈಗ ಮಗಳ ಮದುವೆಗೆ ಬಂದು ಕೂತಿತ್ತು. ಸೊಸೆಯ ತಾಯಿಯೂ ತಮ್ಮ ಪೈಕಿಯೇ ಆಗಿರಬೇಕೆಂದು ಗಂಡಿನ ಕಡೆಯ ಕಾಮಸಮುದ್ರದವರು ಕೇಳಿರಲಿಲ್ಲ. ಕೇಳುತ್ತಾರೆಂದು ನಾನೇ ಅಂದುಕೊಂಡಿದ್ದೆ. ಶ್ಯಾಮಲ ಸಗಣಿ ಕೈ ತೊಳೆದುಕೊಂಡು "ಸರಿ" ಎಂದಳು.

ಹುಡುಗ ಸಾಯಿಕುಮಾರನಿಗೆ ಬಂಗಾರಪೇಟೆಯಲ್ಲಿ ಮೆಡಿಕಲ್ ಅಂಗಡಿ. ಅವನ ತಾಯಿ ವೆಂಕಟರತ್ನಮ್ಮ ಕೂತವರೇ ನಮ್ಮ ಲಿಖಿತಳನ್ನು ಕೇಳಿದರು, "ಏನೋ ರಿಸರ್ಚಂತೆ, ಏನಮ್ಮಾ ಅದು?"

"ಓತಿಕ್ಯಾತದ್ದು ಆಂಟಿ. ಬಂಡೆ ಮೇಲಿರ್ತವಲ್ಲ, ಅವು. ಹೆಣ್ಣು ಕಂಡ್ರೆ ಗಂಡಿನ ಬೆನ್ನು ಕೆಂಪಾಗ್ತದೆ, ಪಕ್ಕೆ ಕಪ್ಪಾಗ್ತದೆ. ಹೆಣ್ಣು ಯಾವ ಗಂಡನ್ನ ಒಪ್ತದೆ ಅಂತ ನೋಡೋದು."

ವೆಂಕಟರತ್ನಮ್ಮ ಮಗನನ್ನು ತಿವಿದರು. "ನೋಡ್ಲಾ, ನೀನು ಬಿಳಿ ಅಂಗಿ ಆಕ್ಕೊಂಡ್ ಬಂದಿದೀಯ."

ಹುಡುಗ ನಕ್ಕು, "ಬೇರೆ ಬೇರೆ ಬಗೆಯವು ಕೂಡ್ತವಾ?" ಎಂದ.

ಲಿಖಿತಳ ಮುಖ ಅರಳಿತು. "ಅದನ್ನೇ ಹುಡುಕ್ತಿದೀನಿ. ಕೂಡಿದ್ರೆ ಮರಿಗಳಲ್ಲಿ ಇಬ್ಬರ ಗುರುತೂ ಇರಬೇಕು."

ಈ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೋ ಎಂದು ನಾನು ಬಾಯಿ ಹಾಕಿದೆ. "ಕ್ರಾಸ್ ಆಗಿದ್ದು ಏನ್ ಬಾಳ್ತದೆ ಬಿಡಮ್ಮ. ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ. ನಮ್ಮ ಪೈಕಿ ಅಂಥದ್ದೆಲ್ಲ ಇಲ್ಲ."

ಲಿಖಿತ ನನ್ನನ್ನೇ ನೋಡಿದಳು. ಅವಳು ಯಾರಿಬ್ಬರ ಮಗಳು ಎಂಬುದು ಹೇಳಿ ಮುಗಿಸಿದ ಮೇಲೆ ನನಗೆ ಹೊಳೆಯಿತು. ಅಡುಗೆಮನೆ ಬಾಗಿಲಲ್ಲಿ ಶ್ಯಾಮಲ ಕಾಫಿ ತಟ್ಟೆ ಹಿಡಿದು ನಿಂತಿದ್ದಳು.

ಎಲ್ಲರಿಗೂ ಲೋಟ ಕೊಟ್ಟಳು. "ನಿಮ್ಮೆಸ್ರೇನಮ್ಮ?" ಎಂದರು ವೆಂಕಟರತ್ನಮ್ಮ. ಶ್ಯಾಮಲ ತಲೆ ತಗ್ಗಿಸಿದಳು. "ತವರು ಯಾವೂರು?" ಅವಳು ಸೆರಗಿನಿಂದ ತಟ್ಟೆಯ ಅಂಚು ಒರೆಸಿದಳು.

ಅವರು ನನ್ನ ಕಡೆ ಬಗ್ಗಿ ದನಿ ತಗ್ಗಿಸಿದರು. "ಬೇಜಾರ್ ಮಾಡ್ಕೋಬೇಡಿ ಅಣ್ಣ. ಇವ್ರಿಗೆ ಮಾತು ಬರಲ್ವಾ? ವಂಶದಾಗೆ ಇನ್ಯಾರ್ಗಾದ್ರೂ ಇಂಗೈತಾ?"

ತಕ್ಷಣ ಹಾಗೇನಿಲ್ಲ ಅನ್ನಬಹುದಿತ್ತು. ಮೂಗಿ ಅಂದರೆ ಸಂಬಂಧ ಉಳಿದೀತೋ, ತಮಿಳವಳು ಅಂದರೆ ಉಳಿದೀತೋ ಎಂದು ತೂಗುತ್ತಾ ಕೂತೆ. ತೂಗುತ್ತಿರುವುದು ತಾಯಿಗೂ ಮಗಳಿಗೂ ಕಂಡಿತು.

"ಅಮ್ಮಂಗೆ ಚೆನ್ನಾಗೇ ಮಾತು ಬತ್ತದೆ," ಎಂದಳು ಲಿಖಿತ. "ತಮಿಳೋರು, ಚಾಂಪಿಯನ್ ರೀಫ್ಸು. ಅಪ್ಪ ಮಾತಾಡ್ಬೇಡ ಅಂದವ್ರೆ."

"ಅಷ್ಟೇನಾ?" ವೆಂಕಟರತ್ನಮ್ಮ ಉಸಿರು ಬಿಟ್ಟರು. "ನಮ್ಮತ್ತೆ ಮಾರಿಕುಪ್ಪದೋರು. ಸಾಯೋಗಂಟ ನನ್ನ ತಮಿಳಲ್ಲೇ ಬಯ್ದ್ರು. ಉಕ್ಕಾರುಂಗಮ್ಮ, ಬನ್ನಿ, ಕೂತ್ಕಳಿ."

ಎಲ್ಲರೂ ನಕ್ಕರು. ನಾನೂ ನಗಲು ನೋಡಿದೆ. "ಮಾತಾಡೇ ಶ್ಯಾಮಲ, ಇನ್ನೇನು."

ಅವಳು ಅವರಿಗೆ ಕೈಮುಗಿದಳು. ಖಾಲಿ ಲೋಟಗಳನ್ನು ತಟ್ಟೆಗೆ ಎತ್ತಿಕೊಂಡು, ನನ್ನದನ್ನು ಮಾತ್ರ ಅಲ್ಲೇ ಬಿಟ್ಟು, ಒಳಗೆ ಹೋದಳು.