ಸಿಹಿನೀರಿನ ಬಾವಿಯಿದ್ದ ನಿವೇಶನ

ಕಾರು ಡಾಂಬರು ರಸ್ತೆ ಬಿಟ್ಟು ಹವಳಗಲ್ಲಿನ ದಾರಿಗೆ ಇಳಿದಾಗ ಜುವೇನಾ ವೇಗ ತಗ್ಗಿಸಿದಳು. ಇದು ಅವಳ ತಾಯಿಯ ಊರಿನ ದಾರಿ.

ಬೆಳಗ್ಗೆ ಆಫೀಸಿನಲ್ಲಿ ಯಜಮಾನ ಸಲೂಮ್ ಅವಳ ಕೈಗೆ ಕೊಟ್ಟಿದ್ದು ಒಂದು ನಕ್ಷೆ, ನಿವೇಶನದ ನಂಬರು, ಅಷ್ಟೆ. ನಿನ್ನೆ ತೋರಿಸಿದ ಜಾಗ ಬೇರೆಯವರ ಪಾಲಾಗಿತ್ತು. "ಈ ಡಾಕ್ಟ್ರು ನಾಳೆ ಮಾರಿಷಸ್‌ಗೆ ಹೋಗ್ತಾರೆ. ಅಲ್ಲಿ ಜಾಗ ನೋಡಿದ್ಮೇಲೆ ಜಾಂಜಿಬಾರ್ ಕಡೆ ತಲೆನೂ ಹಾಕಲ್ಲ. ಇವತ್ತೇ ಸಹಿ ಆಗ್ಬೇಕು. ಆಗಲಿಲ್ವಾ, ನೀನು ನಾಳೆ ಬರೋದೇ ಬೇಡ" ಅಂದಿದ್ದ. ವಿದೇಶಿಯರಿಗೆ ಜಾಗ ತೋರಿಸುತ್ತ, ಅವರಿಗೂ ಊರವರಿಗೂ ನಡುವೆ ಮಾತು ದಾಟಿಸುತ್ತ ಅವಳು ಅವನ ಬಳಿ ಆರು ವರ್ಷ ಸವೆಸಿದ್ದಳು.

ಪಕ್ಕದಲ್ಲಿ ಕೂತಿದ್ದ ವಿಟೋಲ್ಡ್ ಪೋಲೆಂಡಿನವರು, ಹಲ್ಲಿನ ಡಾಕ್ಟರಾಗಿದ್ದು ನಿವೃತ್ತರಾದವರು. ಚಳಿಗಾಲ ಕಳೆಯಲು ಕಡಲ ಪಕ್ಕ ಅವರಿಗೊಂದು ಮನೆ ಬೇಕಿತ್ತು. ತೊಡೆಯ ಮೇಲಿದ್ದ ಪುಸ್ತಕದಲ್ಲಿ ಮಾರಿಷಸ್, ಸೇಶೆಲ್ಸ್, ಜಾಂಜಿಬಾರ್ ಎಂದು ಮೂರು ತಲೆಬರಹ ಹಾಕಿಟ್ಟುಕೊಂಡು, ಕೇಳಿದ್ದನ್ನೆಲ್ಲ ಒಂದೊಂದರ ಕೆಳಗೆ ಬರೆಯುತ್ತಿದ್ದರು.

ತೆಂಗಿನ ಮರಗಳ ಸಂದಿನಲ್ಲಿ ಕಡಲು ಕಂಡಿತು. ಜಾಗ ಮಾರುವ ಪಾಂಡು ಕಪ್ಪು ಕನ್ನಡಕ ಹಾಕಿಕೊಂಡು ಕಾಯುತ್ತಿದ್ದ. ಜಾಗದ ನಟ್ಟನಡುವೆ ಬಾವಿ ಇತ್ತು. ನಕ್ಷೆಯಲ್ಲಿ ಅದರ ಸುಳಿವೇ ಇರಲಿಲ್ಲ. ಸುತ್ತಮುತ್ತ ಎಲ್ಲಿ ತೋಡಿದರೂ ಉಪ್ಪುನೀರು. ಅರ್ಧ ಊರು ಕುಡಿಯುತ್ತಿದ್ದುದು ಈ ಬಾವಿಯದನ್ನೇ. ಚಿಕ್ಕವಳಿದ್ದಾಗ ಜುವೇನಾಳೂ ಇಲ್ಲಿಂದ ಕೊಡ ಹೊತ್ತಿದ್ದಳು.

ನೀರು ಸೇದುತ್ತಿದ್ದ ನಾಲ್ಕು ಹೆಂಗಸರು ಕೈ ನಿಲ್ಲಿಸಿದರು. ಅವರಲ್ಲಿ ಹಿರಿಯವಳು ಅವಳ ದೊಡ್ಡಮ್ಮ, ಮ್ವಾನಕೊಂಬೋ.

"ಬಾರಮ್ಮ ನನ್ ತಂಗಿ ಮಗಳೇ, ಹೆತ್ತಮ್ಮನ ಸಾವಿಗೂ ಬರದವಳು ಇವತ್ತು ಕಾರಲ್ಲಿ ಬಂದ್ಯಾ? ನೀರು ಕುಡಿಯೋಕೆ ಬಂದ್ಯೋ, ಬಾವಿ ಮಾರೋಕೆ ಬಂದ್ಯೋ?"

"ದೊಡ್ಡಮ್ಮ, ನಂಗೆ ಗೊತ್ತಿರ್ಲಿಲ್ಲ..."

"ಕೂಲಿಗೆ ನಾಲಿಗೆ ಕೊಟ್ಟೋರಿಗೆ ಏನೂ ಗೊತ್ತಿರಲ್ಲ ಬಿಡು."

ಪಾಂಡು ಹತ್ತಿರ ಬಂದು ಪಿಸುಗುಟ್ಟಿದ. "ತಂಗಿ, ಮುದುಕಿ ಬಾಯಿಗೆ ಬಂದಂಗೆ ಮಾತಾಡ್ತಾಳೆ. ಸಹಿ ಆದ ಮರುದಿನವೇ ಬಾವಿ ಮುಚ್ಚಿಸ್ತೀನಿ. ಗೋಡೆ ಎದ್ದರೆ ಯಾರ್ ಬರ್ತಾರೆ?"

"ಆಕೆ ಏನಂತಾರೆ?" ವಿಟೋಲ್ಡ್ ಇಂಗ್ಲಿಷಿನಲ್ಲಿ ಕೇಳಿದರು.

ಜುವೇನಾಳ ಕಿಸೆಯಲ್ಲಿ ಫೋನು ನಡುಗುತ್ತಿತ್ತು, ಸಲೂಮನೇ ಇರಬೇಕು.

"ನಿಮಗೆ ಸ್ವಾಗತ ಅಂತಿದ್ದಾರೆ."

ವಿಟೋಲ್ಡ್ ಮುಖ ಅರಳಿತು. ನೆಟ್ಟಗೆ ಹೋಗಿ ಮುದುಕಿಗೆ ಕೈ ಚಾಚಿದರು. ಅವಳು ಆ ಕೈಯನ್ನು ನೋಡಿದಳು, ಮುಟ್ಟಲಿಲ್ಲ. ಕೊಡ ಕೆಳಗಿಟ್ಟು, ಅಳತೆಯವರು ನೆಟ್ಟು ಹೋಗಿದ್ದ ಗಡಿಕಲ್ಲಿನ ಮೇಲೆ ಹೋಗಿ ಕುಳಿತುಬಿಟ್ಟಳು. ಉಳಿದ ಮೂವರೂ ಅವಳ ಸುತ್ತ ಕೂತರು.

"ಏಳೇ ಮುದುಕಿ!" ಪಾಂಡು ಅವಳ ರಟ್ಟೆಗೆ ಕೈ ಹಾಕಿ ಎಳೆದ.

ದೋಣಿಗಳ ಬಳಿಯಿದ್ದ ಗಂಡಸರು ತಿರುಗಿ ನೋಡಿದರು. ಐದಾರು ಜನ ಬಿರಬಿರನೆ ಬಂದರು. ಮುಂದಿದ್ದವನ ಕೈಯಲ್ಲಿ ತೆಂಗಿನಕಾಯಿ ಕೆತ್ತುವ ಮಚ್ಚು ಹಾಗೇ ಇತ್ತು. ವಿಟೋಲ್ಡ್ ಕಾರಿನತ್ತ ಎರಡು ಹೆಜ್ಜೆ ಹಿಂದೆ ಸರಿದರು.

ಜುವೇನಾ ಓಡಿಹೋಗಿ ಪಾಂಡುವಿನ ಕೈ ಕಿತ್ತು ತೆಗೆದಳು. "ಅವಳ ಮೈ ಮುಟ್ಟಿದ್ರೆ ಜೋಕೆ! ಅಣ್ಣಂದಿರಾ, ಮಚ್ಚು ಕೆಳಗಿಡಿ. ಇವರಿಗೆ ನಾನು ಹೇಳ್ತೀನಿ. ಎಲ್ಲಾ ಹೇಳ್ತೀನಿ."

ಹೇಳಿದಳು. ಊರು ಕುಡಿಯುವ ನೀರು ಇದು, ಮಾರುವವನು ಇದನ್ನು ಮುಚ್ಚಿಸುತ್ತಾನೆ, ದೊಡ್ಡಮ್ಮ ನಿಮಗೆ ಸ್ವಾಗತ ಹೇಳಲೇ ಇಲ್ಲ. ಹೇಳುತ್ತಿದ್ದಂತೆ ವಿಟೋಲ್ಡ್ ಮುಖದ ಬಣ್ಣ ಬದಲಾಯಿತು. ಸಿಟ್ಟು ಬಂದದ್ದು ಹೆಂಗಸರ ಮೇಲಲ್ಲ.

"ಎರಡು ದಿನದಿಂದ ನೀವು ಹೇಳಿದ್ದನ್ನೆಲ್ಲ ಬರೆದುಕೊಂಡಿದ್ದೇನೆ. ಇದರಲ್ಲಿ ಇನ್ನೆಷ್ಟು ಸ್ವಾಗತಗಳಿವೆ?"

ಅವಳು ಪುಸ್ತಕಕ್ಕೆ ಕೈ ಚಾಚಿದಳು. ಅವರು ಹಿಂದೆಮುಂದೆ ನೋಡಿ ಕೊಟ್ಟರು. ಊರೆಲ್ಲ ನೋಡುತ್ತಿರುವಾಗ, ಬಿಸಿಲಲ್ಲಿ ನಿಂತು ಅವಳು ಒಂದೊಂದೇ ಸಾಲಿಗೆ ಬೆರಳಿಟ್ಟಳು. ಇಲ್ಲಿ ನೆಲ ಸರ್ಕಾರದ್ದು, ಊರವರು ಮಾರುವುದು ಬಳಸುವ ಹಕ್ಕನ್ನಷ್ಟೆ, ಹೊರಗಿನವರಿಗೆ ಸಿಗುವುದು ಗುತ್ತಿಗೆ, ಇದು ನಿಜ. ಅವಧಿ ಮುಗಿದ ಮೇಲೆ ತಾನಾಗಿ ಮುಂದುವರಿಯುತ್ತದೆ ಅಂದಿದ್ದೆ. ಅದನ್ನು ಯಾರೂ ನಿಮಗೆ ಬರೆದುಕೊಡುವುದಿಲ್ಲ. ವರ್ಷದೊಳಗೆ ರಸ್ತೆ ಬರುತ್ತದೆ ಅಂದಿದ್ದೆ. ನನ್ನ ಯಜಮಾನ ಇದನ್ನು ನಾಲ್ಕು ವರ್ಷದಿಂದ ಹೇಳುತ್ತಿದ್ದಾನೆ. ಸೇಶೆಲ್ಸ್‌ನಲ್ಲಿ ಅನುಮತಿಗೆ ಜೀವಮಾನ ಬೇಕು ಅಂದಿದ್ದೆ. ನಾನು ಆ ದ್ವೀಪ ನೋಡಿಯೇ ಇಲ್ಲ. ಮಾರಿಷಸ್ ದುಬಾರಿ, ನಿಜ. ಆದರೆ ಅಲ್ಲಿ ವಿದೇಶಿಯರಿಗೆಂದೇ ಕಟ್ಟಿದ ಮನೆ ಕೊಂಡರೆ ಕಾಗದ ನಿಮ್ಮ ಹೆಸರಿಗೇ ಆಗುತ್ತದೆ. ಅದನ್ನು ನಾನು ಬೇಕೆಂದೇ ಹೇಳಲಿಲ್ಲ.

ವಿಟೋಲ್ಡ್ ಪೆನ್ನು ತೆಗೆದು ಸಾಲುಗಳನ್ನು ಹೊಡೆದುಹಾಕಿದರು.

"ಮುಗಿಸ್ದೆಯಲ್ಲೇ, ನನ್ ಮನೆ ಹಾಳ್ ಮಾಡ್ದೆ!" ಪಾಂಡು ಕಿರುಚಿ, ಕಾರಿನ ಚಕ್ರಕ್ಕೆ ಒದ್ದು ಹೊರಟುಹೋದ. ಅವನ ಬೆನ್ನ ಹಿಂದೆ ಯಾರೋ ನಕ್ಕರು. ಮಚ್ಚು ಹಿಡಿದವನು ಮತ್ತೆ ದೋಣಿಯತ್ತ ನಡೆದ.

ಪಟ್ಟಣಕ್ಕೆ ಮರಳಿದಾಗ ವಿಟೋಲ್ಡ್ ಹೋಟೆಲಿನ ಮುಂದೆ ಇಳಿದು, ಬಾಗಿಲು ಹಿಡಿದು ನಿಂತರು. "ಸಿಟ್ಟು ಇನ್ನೂ ಇಳಿದಿಲ್ಲ. ನಾಳೆ ಮಾರಿಷಸ್‌ಗೆ ಹೋಗುತ್ತೇನೆ" ಎಂದರು, ಅಷ್ಟೆ. ಕೈ ಕುಲುಕಲಿಲ್ಲ.

ಆಫೀಸಿನಲ್ಲಿ ಸಲೂಮ್ ಬೈಯಲೂ ಇಲ್ಲ. ಮೇಜಿನ ಕಡೆ ಬೆರಳು ತೋರಿಸಿದ. ಅವಳು ಕಾರಿನ ಬೀಗದಕೈ ಅಲ್ಲಿಟ್ಟು ಹೊರಬಂದಳು. ಆರು ವರ್ಷದ ಕೆಲಸ ಒಂದು ನಿಮಿಷದಲ್ಲಿ ಹೋಗಿತ್ತು. ಮನೆಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ಅಳು ಬಂತು. ಭಯಕ್ಕೋ ನಾಚಿಕೆಗೋ ಅವಳಿಗೇ ತಿಳಿಯಲಿಲ್ಲ.

ಹನ್ನೆರಡು ದಿನ ಕಳೆದು ದೊಡ್ಡಮ್ಮನ ಫೋನು ಬಂತು. ಶೇಹಾ ಅಂದರೆ ಊರಿನ ಮುಖ್ಯಸ್ಥ, ಅವನ ಸಹಿಯಿಲ್ಲದೆ ಜಾಗ ಕೈ ಬದಲಿಸುವಂತಿಲ್ಲ. ಬಾವಿಯ ದೂರು ಕೇಳಿ ಅವನು ಹೊಸದಾಗಿ ಅಳತೆ ಮಾಡಿಸುತ್ತಿದ್ದನಂತೆ. ನಕ್ಷೆ ಓದಬಲ್ಲವರು ಒಬ್ಬರು ಬೇಕಿತ್ತು.

ಜುವೇನಾ ಬಾಡಿಗೆ ವ್ಯಾನಿನಲ್ಲಿ ಜನರ ನಡುವೆ ಒತ್ತಿಕೊಂಡು ಹೋದಳು. ಬಾವಿಯೂ ಅಲ್ಲಿಗೆ ಹೋಗುವ ಕಾಲುದಾರಿಯೂ ಹೊರಗುಳಿಯುವಂತೆ ಗಡಿ ತಿರುಗಿತು. ಪಾಂಡು ಮುಖ ಗಂಟು ಹಾಕಿಕೊಂಡೇ ಹೆಬ್ಬೆಟ್ಟು ಒತ್ತಿದ. ಉಳಿದ ನೆಲ ಮಾರಲು ಅವನಿಗೆ ಅಡ್ಡಿಯೇನಿರಲಿಲ್ಲ.

ಊಟಕ್ಕೆ ತೆಂಗಿನಹಾಲಲ್ಲಿ ಬೇಯಿಸಿದ ಅನ್ನ, ಆಕ್ಟೋಪಸ್ ಸಾರು. ದೊಡ್ಡಮ್ಮ ತಟ್ಟೆ ಮುಂದೆ ತಳ್ಳಿದಳು.

"ಈಗ ಹೊಟ್ಟೆಗೇನ್ ಮಾಡ್ತೀಯೇ?"

"ಗೊತ್ತಿಲ್ಲ ದೊಡ್ಡಮ್ಮ. ಹುಡುಕ್ಬೇಕು."

"ಹುಡುಕು. ಮೊದ್ಲು ಉಣ್ಣು. ಊಟ ಮುಗಿದ್ಮೇಲೆ ನಿಮ್ಮಮ್ಮನ ಗೋರಿಗೆ ಹೋಗಿ ಬರೋಣ."

ಜುವೇನಾ ತಲೆ ತಗ್ಗಿಸಿ ಅನ್ನಕ್ಕೆ ಕೈ ಹಾಕಿದಳು.