ಮಕ್ತುಮ್ ಸಾಬರ ದನಿ

ದಾವಣಗೆರೆ ವಿದ್ಯಾನಗರದ ಹನುಮೇಶ್ ಯಾರ ದನಿಯನ್ನಾದರೂ ಅನುಕರಿಸಿ ನಗಿಸುವ ಕಾಲೇಜು ಹುಡುಗ. ಕೊರೊನಾದ ಎರಡನೇ ಅಲೆಯಲ್ಲಿ ಸ್ವಯಂಸೇವಕನಾಗಿ, ಆಶಾ ಕಾರ್ಯಕರ್ತೆ ಯಶೋದಕ್ಕನ ಹಿಂದೆ ಆಕ್ಸಿಮೀಟರ್ ಹಿಡಿದು ಊರಿನಾಚೆ ಬದಿಯ ಓಣಿ ಸುತ್ತುತ್ತಿದ್ದ.

ತರಕಾರಿ ಗಾಡಿಯ ಮಕ್ತುಮ್ ಸಾಬರ ಬಾಗಿಲಿಗೆ ಮಗ ಅಶ್ಫಾಕ್ ಅಡ್ಡ ನಿಂತ. “ನಮ್ಮನ್ಯಾಗ ಯಾರಿಗೂ ಜ್ವರ ಇಲ್ಲಕ್ಕ.”

“ಮತ್ತೆ ಒಳಗೆ ಏದುಸಿರು ಬಿಡೋದು ಯಾರಪ್ಪ, ಕುಕ್ಕರಾ? ದವಾಖಾನೆಗೆ ಕರಕೊಂಡು ನಡಿ.”

“ಅಬ್ಬಾ ಒಲ್ಲೆ ಅಂತಾರೆ. ನಿಮ್ಮೋರಿಗೆ ಜ್ವರ ಬಂದ್ರೆ ಗುಳಿಗೆ ಬರ್ತಾವೆ, ನಮ್ಮೋರಿಗೆ ಬಂದ್ರೆ ಟಿವಿಯೋರು ಬರ್ತಾರೆ.” ಅಶ್ಫಾಕ್ ಮೊಬೈಲ್ ಒತ್ತಿದ. “ಹೋದ ವರ್ಷ ಈ ಆಡಿಯೊ ಬಂದಮ್ಯಾಲೆ ಅಬ್ಬಾನ ಗಾಡೀನ ಒಂದು ಬೀದಿಗೂ ಬಿಡಲಿಲ್ಲ. ಆ ಟಮಾಟೆ ಸಾಬ್ ನೀನೇನಾ ಅಂತ ದವಾಖಾನ್ಯಾಗೂ ಕೇಳ್ತಾರೆ.”

ಮೊಬೈಲಿನೊಳಗೆ ಮುದುಕನೊಬ್ಬ ಕೂಗಿ, ಕೆಮ್ಮಿದ: “ಟಮಾಟೆ ತಗೊಳ್ರಿ ಅಕ್ಕಾ, ಕೊರೊನಾ ಫ್ರೀ!”

ಹನುಮೇಶನಿಗೆ ಆ ದನಿಯ ಗುರುತು ಸಿಕ್ಕಿತು. ಲಾಕ್‌ಡೌನಿನ ಬೇಸರಕ್ಕೆ, ತನ್ನ ಬೀದಿಗೆ ಬರುತ್ತಿದ್ದ ತರಕಾರಿ ಗಾಡಿಯವರ ದನಿಯಲ್ಲಿ ತಾನೇ ಗೆಳೆಯರ ವಾಟ್ಸಾಪ್ ಗುಂಪಿಗೆ ಹಾಕಿದ್ದ ತಮಾಷೆ. ದನಿ ಕದ್ದವನಿಗೆ ಹೆಸರು ಗೊತ್ತಿರಲಿಲ್ಲ. ತಮಾಷೆ ಓಡಾಡಿತು, ಗಾಡಿ ನಿಂತಿತು.

ಸುಮ್ಮನಿದ್ದರೆ ಆ ಉಸಿರೂ ನಿಂತೀತು.

“ಅದು ನಿಮ್ಮ ಅಬ್ಬಾ ಅಲ್ಲಣ್ಣ. ನಾನು.”

ಅಶ್ಫಾಕ್ ಅವನನ್ನೇ ದಿಟ್ಟಿಸಿದ. “ಹಂಗಾರೆ ಮಾಡಿ ತೋರ್ಸು. ಅಬ್ಬಾನ ಮುಂದೆ.”

ಮಂಚದ ಮೇಲೆ ಮಕ್ತುಮ್ ಸಾಬರು ಎದೆ ನೀವಿಕೊಳ್ಳುತ್ತಿದ್ದರು. ಹನುಮೇಶ್ ಬಾಯಿ ತೆರೆದ. ಅದೇ ದನಿ, ಅದೇ ಕೂಗು, ಒಂದು ಎಳೆಯೂ ತಪ್ಪದೆ ಬಂತು. ಕೆಮ್ಮಬೇಕಾದಲ್ಲಿ ಅವನು ನಿಲ್ಲಿಸಿದ. ಉಳಿದದ್ದನ್ನು ಮುದುಕರು ನಿಜವಾಗಿಯೇ ಕೆಮ್ಮಿದರು.

ಸುಧಾರಿಸಿಕೊಂಡು ಅವರೆಂದರು: “ನಾನೇ ಎಲ್ಲೋ ಮರೆತು ಹಂಗೆ ಅಂದಿದ್ನೇನೋ ಅನ್ಕಂಡಿದ್ದೆ, ತಮ್ಮಾ.”

ಆಮೇಲೆ ಬೆರಳು ಚಾಚಿದರು. ಆಕ್ಸಿಮೀಟರ್ ನೋಡಿದ ಯಶೋದಕ್ಕ ಆಟೊ ಕರೆಯಲು ಹೊರಗೆ ಓಡಿದಳು.

ಆಸರೆಗೆಂದು ತೋಳು ಕೊಡಲು ಹೋದ ಹನುಮೇಶನನ್ನು ಅಶ್ಫಾಕ್ ತಡೆದ. “ನೀ ಬರಬ್ಯಾಡ. ಇಲ್ಲಿ ಹೇಳಿದ್ದು ನಿನ್ನ ದೋಸ್ತುಗಳಿಗೂ ಹೇಳು.”

ಆಟೊ ತಿರುವು ದಾಟಿತು. ಓಣಿಯಲ್ಲೇ ನಿಂತು ಹನುಮೇಶ್ ಆ ಗುಂಪಿಗೆ ಮಾತಾಡಿ ಕಳಿಸಿದ, ತನ್ನದೇ ದನಿಯಲ್ಲಿ, ತಡವರಿಸುತ್ತ: ಅದು ನಾನು ಮಾಡಿದ್ದು, ಆ ತಾತನಿಗೆ ಈಗ ಉಸಿರು ಸಿಗ್ತಿಲ್ಲ, ತಪ್ಪಾಯ್ತು.

ನಗುವ ಮುಖಗಳು ಸಾಲುಗಟ್ಟಿ ಬಂದವು. ಅವುಗಳ ಕೆಳಗೆ ಗೆಳೆಯ ಬಸವಕಿರಣ್ ಬರೆದಿದ್ದ: “ಸೂಪರ್ ಗುರು! ಈ ಅಳೋದು ಯಾರ ಮಿಮಿಕ್ರಿ?”